ಸೇತುವೆ ಬಿಟ್ಟುಕೊಟ್ಟ ಒಡೆಯನ ದನಿ

ನಮ್ಮ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಫೋನ್ ಮಾಡುತ್ತಾರೆ. 'ಮೇಡಂ, ಡಬ್ಬಿಂಗ್‌ಗೆ ಬರೆಯೋದು ಹೇಗೆ?' ಎಂದು ಕೇಳುತ್ತಾರೆ. ಬರೆಯುವುದನ್ನು ಕೆಲವೇ ವಾರಗಳಲ್ಲಿ ಕಲಿಸಬಹುದು. ತೆರೆಯ ಮೇಲಿನ ಮನುಷ್ಯ ತುಟಿ ಮುಚ್ಚಿದಾಗ ನಿಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಅವನ ಬಾಯಿ ಇನ್ನೂ ಆಡುತ್ತಿರುವಾಗ ನಿಮ್ಮ ವಾಕ್ಯ ಮುಗಿದಿರಬಾರದು. ಇಂಗ್ಲಿಷಿನವನು 'ಕೊಲ್ಲುತ್ತೇನೆ' ಎಂದು ಮೊದಲು ಹೇಳಿ, ಯಾರನ್ನು, ಯಾಕೆ ಎಂಬುದನ್ನು ಆಮೇಲೆ ಹೇಳುತ್ತಾನೆ. ನಮ್ಮಲ್ಲಿ ಕೊಲ್ಲುವುದು ವಾಕ್ಯದ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಎದುರಿನವನು ಸತ್ತು ಬಿದ್ದಿರುತ್ತಾನೆ. ಇದನ್ನು ಸರಿದೂಗಿಸುವುದೇ ವಿದ್ಯೆ. ಇಷ್ಟೇ.

ಬರೆದ ಮಾತನ್ನು ಯಾರು ಆಡುತ್ತಾರೆ, ಆಡಿದವರ ಗತಿ ಏನಾಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ. ಸಿಹಿ ನೆನಪು ಹುಡುಕಿಕೊಂಡು ಬಂದವರು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು.

ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಮದುವೆಯಾಗಿ ಸಾಂತಾಕ್ರೂಜ್‌ಗೆ ಬಂದವಳು ನಾನು. ಮೊದಲು ಬರೆದದ್ದು ಜಾಹೀರಾತುಗಳನ್ನು: ತಲೆನೋವಿನ ಮುಲಾಮು, ಕುಕ್ಕರು, ಸೊಳ್ಳೆ ಬತ್ತಿ. ಬೆಳಿಗ್ಗೆ ಹಿಂದಿ ಆಗುತ್ತಿತ್ತು, ಆಮೇಲೆ ಮರಾಠಿ, ಊಟ ಮುಗಿದು ಎಲ್ಲರಿಗೂ ತೂಕಡಿಕೆ ಬರುವ ಹೊತ್ತಿಗೆ ಕನ್ನಡ. ಸ್ಟುಡಿಯೋ ಗೋರೆಗಾಂವ್‌ನಲ್ಲಿ, ಟೈರ್ ಅಂಗಡಿಯೊಂದರ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಬುಸ್ಸೆಂದರೆ ಮೇಲೆ ಟೇಕ್ ನಿಲ್ಲಿಸಬೇಕಾಗಿತ್ತು. 'ಕನ್ನಡ್ ಮೇ ಸಬ್ ಚಲ್ತಾ ಹೈ' ಎನ್ನುವುದು ಸ್ಟುಡಿಯೋ ಮಾಲೀಕರ ತಾರಕಮಂತ್ರ. ಚಲ್ತಾ ಇರಲಿಲ್ಲ, ಆದರೆ ಅವರಿಗೆ ತಿಳಿಸಿ ಹೇಳಬಲ್ಲವರು ಯಾರೂ ಇರಲಿಲ್ಲ.

ಹೂಗಾರರನ್ನು ಕಂಡದ್ದು ಅಲ್ಲಿಯೇ. ಬಸವಂತಪ್ಪ ಹೂಗಾರ. ಬೆಳಗಾವಿ ಕಡೆಯ ಕಂಪನಿ ನಾಟಕದಲ್ಲಿ ರಾಜನ ಪಾರ್ಟು ಮಾಡಿಕೊಂಡಿದ್ದವರು, ಕಂಪನಿ ಮುಚ್ಚಿದ ಮೇಲೆ ಹೆಂಡತಿ ಮಗನನ್ನು ಕರೆದುಕೊಂಡು ಗೋರೆಗಾಂವ್‌ನ ಚಾಳ್ ಒಂದಕ್ಕೆ ಬಂದಿದ್ದರು. ಆಳು ಗಿಡ್ಡ, ದನಿ ಮಾತ್ರ ಕೊಡದ ತುಂಬ ನೀರು ತುಂಬಿದ ಹಾಗೆ. ಮೈಕಿನಿಂದ ಎರಡು ಮಾರು ಹಿಂದೆ ನಿಂತು ಮಾತಾಡುತ್ತಿದ್ದರು. ಹತ್ತಿರ ಬಂದರೆ ರೆಕಾರ್ಡಿಸ್ಟ್ ಕಿವಿ ಮುಚ್ಚಿಕೊಳ್ಳುತ್ತಿದ್ದ.

ನನ್ನ ಮೊದಲ ದೊಡ್ಡ ಎಡವಟ್ಟಿನಲ್ಲಿ ಅವರ ಪಾಲೂ ಇದೆ. ಟಿ.ವಿ.ಗೆಂದು ಬಂದ ಒಂದು ಸಿನಿಮಾ ಅದು: ಉತ್ತರ ದೇಶದ ಹಳೆಯ ಕಾಲದ ಯೋಧರ ಕಥೆ, ಮಂಜು, ಡ್ರ್ಯಾಗನ್ನು, ಕೊಡಲಿ ಹಿಡಿದ ಗಡ್ಡದವರು. ಅದರಲ್ಲಿ ಅರಸನ ಸಭಾಮಂದಿರ ಬರುತ್ತದೆ. ಯೋಧರು ಕೂತು ಜೇನಿನಿಂದ ಮಾಡಿದ ಮದ್ಯ ಕುಡಿಯುತ್ತಾರೆ, ಅಲ್ಲಿಯೇ ಆಣೆ ಮಾಡುತ್ತಾರೆ. ನಾನು ನಿಘಂಟು ನೋಡಿ 'ಹೆಂಡದಂಗಡಿ' ಎಂದು ಬರೆದೆ. 'ನನ್ನೊಡೆಯನ ಹೆಂಡದಂಗಡಿಯ ಮೇಲಾಣೆ!' ಎಂದು ಹೂಗಾರರು ಎದೆ ತಟ್ಟಿ ಗುಡುಗಿದರು. ಪ್ರಸಾರವಾದ ಮೇಲೆ ಕರ್ನಾಟಕದ ತುಂಬ ಜನ ಬಿದ್ದು ಬಿದ್ದು ನಕ್ಕರು. ಮಾಲೀಕರು ನನ್ನನ್ನು ಕರೆಸಿ ಎಲ್ಲರೆದುರು ಬೈಯತೊಡಗಿದಾಗ ಹೂಗಾರರು ಮುಂದೆ ಬಂದರು.

"ಸೇಠಜೀ, ಅಕ್ಕಾರು 'ಚಾವಡಿ' ಅಂತ ಬರದಿದ್ರು. ನಾನ ಬಾಯಿಗೆ ಬಂದಂಗ ಅಂದ್ನಿ. ಬೈಯೂದಿದ್ರ ನನಗ ಬೈರಿ," ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿ ಇನ್ನೂ ಎರಡು ಬಿರುಸು ಮಾತು ಸೇರಿಸಿದರು. ಆ ಎರಡು ಮಾತಿಗೆ ಅವರಿಗೆ ಸುಮಾರು ಒಂದು ವರ್ಷ ಆ ಸ್ಟುಡಿಯೋದ ಬಾಗಿಲು ಮುಚ್ಚಿತು. ನನ್ನ ಕೆಲಸ ಉಳಿಯಿತು.

ಅವರ ಮನೆಗೆ ಹೋಗಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ಮತ್ತ ಏನ್ ಮಾಡ್ಲಿರಿ? ಹೆಣ್ಣಮಗಳನ್ನ ನನ್ನ ಮುಂದ ಬೈದ್ರ ನಾ ಸುಮ್ಮ ಕುಂದ್ರಬೇಕೇನು?" ಎಂದರು, ಬಲು ಸಂತೋಷದಿಂದ. ಬಾಗಿಲವರೆಗೆ ಬಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಇವರು ಎದಿ ಉಬ್ಬಿಸ್ಕೊಂಡು ಬರ್ತಾರ್ರಿ ಅಕ್ಕಾರ. ಆರಿದ ಒಲಿ ಮುಂದ ಕುಂದ್ರಾಕಿ ನಾನು."

ಆ ಮಾತನ್ನು ನಾನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಆ ಕಾಲದಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಡಬ್ ಮಾಡುತ್ತಿದ್ದೆವು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಗೊತ್ತಿರುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು, ಒಬ್ಬೊಬ್ಬರನ್ನೇ ಕರೆದು ಗಾಜಿನ ಬೂತಿನಲ್ಲಿ ನಿಲ್ಲಿಸಿದರು. ಗಂಡ ಸೋಮವಾರ ಅಳುತ್ತಾನೆ, ಹೆಂಡತಿ ಗುರುವಾರ ಬಂದು ಸಮಾಧಾನ ಮಾಡುತ್ತಾಳೆ. ಕೆಲಸ ಬೇಗ ಮುಗಿಯುತ್ತದೆ ಎಂದು ನಾವೂ ಖುಷಿಪಟ್ಟೆವು. ವರ್ಷಗಟ್ಟಲೆ ಜೊತೆಗೆ ದುಡಿದವರು ಒಬ್ಬರ ಮುಖ ಒಬ್ಬರು ನೋಡದಂತಾದೆವು, ದನಿ ಮಾತ್ರ ಕೇಳುತ್ತಿದ್ದೆವು. ಇದರ ಬೆಲೆ ಏನೆಂದು ಆಮೇಲೆ ಗೊತ್ತಾಯಿತು.

ಈ ಬೂತಿನ ಕಾಲದಲ್ಲೇ ಒಂದು ದೊಡ್ಡ ಸೀರಿಯಲ್ ಬಂತು. ಪವಾಯಿಯ ಕೆರೆ ಎದುರಿನ ಗಾಜಿನ ಕಟ್ಟಡದಲ್ಲಿ ಕಂಪನಿಯ ಆಫೀಸು. ಕನ್ನಡದ ಉಸ್ತುವಾರಿ ಅನುರಾಧಾ ಎಂಬ ಬೆಂಗಳೂರಿನ ಹುಡುಗಿಯದು. ನಾನು ಕಂಡ ಮೇಲಿನವರಲ್ಲಿ ಅವಳೊಬ್ಬಳೇ ಕಥೆಯನ್ನು ಓದಿ ಬಂದವಳು. ಸಾವಿರ ವರ್ಷದ ಹಿಂದಿನ ಇಂಗ್ಲಿಷರ ಯುದ್ಧದ ಹಾಡುಗಳ ಜಾಡು ಹಿಡಿದು ಯಾರೋ ಬರೆದ ಕಾಲ್ಪನಿಕ ಕಾದಂಬರಿಯಿಂದ ತೆಗೆದದ್ದು ಎಂದು ಅವಳೇ ವಿವರಿಸಿದಳು. ಒಡೆಯನ ಅನ್ನ ಉಂಡವರು ಒಡೆಯ ಬಿದ್ದ ಕಣ ಬಿಟ್ಟು ಬರಬಾರದು, ಅದೇ ಅವರ ಧರ್ಮ ಎಂದಳು.

"ಇದು ನಮಗೇನು ಹೊಸದಲ್ಲ ತಂಗೀ," ಎಂದೆ. "ನಮ್ಮಲ್ಲಿ ಇದಕ್ಕ ಜೋಳವಾಳಿ ಅಂತಾರ. ನಮ್ಮ ಕಡೆ ಊರೂರಿಗೂ ವೀರಗಲ್ಲು ಅದಾವು."

ಅವಳು ಕಣ್ಣರಳಿಸಿ ಆ ಶಬ್ದ ಬರೆದುಕೊಂಡಳು. ನಾನು ಸೀರಿಯಲ್ಲಿನ ತುಂಬ 'ಜೋಳದ ಋಣ' ಎಂದೇ ಬರೆದೆ. ಹಿಮ ಬೀಳುವ ನಾಡಿನ ಗಡ್ಡದವರು ಜೋಳದ ಋಣದ ಮಾತಾಡಿದರೆ ನಗು ಬರಬಹುದಿತ್ತು. ಯಾರೂ ನಗಲಿಲ್ಲ. ಹೂಗಾರರ ಬಾಯಲ್ಲಿ ಅದು ಹಾಗೆ ಕೂತಿತು.

ಅವರದು ಮುದಿ ಒಡೆಯನ ಪಾತ್ರ. ಹೆಸರು ನಮ್ಮ ನಾಲಿಗೆಗೆ ಹೊರಳದ್ದು. ನಾವೆಲ್ಲ ಒಡೆಯ ಎಂದೇ ಕರೆಯುತ್ತಿದ್ದೆವು. ಕಥೆಯ ನಡುಮಧ್ಯೆ ಒಂದು ಘಟ್ಟ ಇದೆ. ಕಡಲಿನಿಂದ ಬಂದ ಶತ್ರುಗಳು ಹೊಳೆಯ ಆಚೆ ದಡದಲ್ಲಿದ್ದಾರೆ. ನಡುವೆ ಒಮ್ಮೆಗೆ ಒಬ್ಬರೇ ದಾಟಬಹುದಾದ ಮರದ ಸೇತುವೆ. ಒಡೆಯನ ಮೂರು ಆಳು ಅದರ ಬಾಯಲ್ಲಿ ನಿಂತರೆ ಸಾಕು, ಶತ್ರುವಿನ ದಂಡೇ ಆಚೆ ಕೊಳೆಯಬೇಕು. ಶತ್ರುವಿನ ಮುಂದಾಳು ಕೂಗುತ್ತಾನೆ: ಗಂಡಸಾದರೆ ದಾರಿ ಬಿಡು, ಬಯಲಲ್ಲಿ ನೋಡೋಣ. ಒಡೆಯನ ಹೆಂಡತಿ ಬೇಡ ಎನ್ನುತ್ತಾಳೆ. 'ನಿಮ್ಮ ಹೆಸರಿಗೆ ಇನ್ನೂ ಎಷ್ಟು ಹೆಣ ಬೇಕು?' ಎಂದು ಕೇಳುತ್ತಾಳೆ. ಒಡೆಯ ಹೇಳುತ್ತಾನೆ: 'ಕಳ್ಳನ ಹಾಗೆ ಕಿಂಡಿಯಲ್ಲಿ ಕೂತು ಒಬ್ಬೊಬ್ಬನನ್ನೇ ಕೊಲ್ಲಲಾರೆ. ಸೇತುವೆ ಬಿಡಿ. ಬರಲಿ ಅವರು.' ಬರುತ್ತಾರೆ. ಒಡೆಯ ಸಾಯುತ್ತಾನೆ, ಅವನ ಹಿಂದೆ ನಿಂತ ಎಲ್ಲರೂ ಸಾಯುತ್ತಾರೆ, ಊರು ಉರಿಯುತ್ತದೆ.

ಮೂಲದಲ್ಲಿ ಒಡೆಯನ ಈ ಗುಣಕ್ಕೆ ಒಂದೇ ಪದ ಇತ್ತು. ಮೆಚ್ಚಿದ್ದೋ ಬೈದದ್ದೋ ತಿಳಿಯದಂಥದು. ಎದೆಗಾರಿಕೆ ಅಳತೆ ಮೀರಿದ್ದು ಎಂಬ ಅರ್ಥದ್ದು. ಸತ್ತವರ ನಡುವೆ ನಿಂತ ಒಬ್ಬ ಮುದುಕ ಅದನ್ನು ಹೇಳುತ್ತಾನೆ. ನಾನು 'ಒಡೆಯನ ಹುಂಬತನ' ಎಂದು ಬರೆದೆ. ಹೂಗಾರರು ನನ್ನ ಮೇಲೆ ಹರಿಹಾಯ್ದರು.

"ಹುಂಬತನ ಅಂದ್ರ ಎತ್ತು ಗ್ವಾಡಿ ಹಾಯೂದ್ರಿ ಅಕ್ಕಾರ. ಇವಾ ತಿಳದು ಮಾಡ್ಯಾನ. ಕೆಚ್ಚು ಅಂತ ಬರೀರಿ."

"ಮಂದಿನ್ನೆಲ್ಲಾ ಕೊಲ್ಲಿಸಿದ್ದು ಕೆಚ್ಚ ಏನ್ರಿ? ಸೇತುವಿ ಹಿಡ್ಕೊಂಡು ನಿಂತಿದ್ರ ಊರು ಉಳೀತಿತ್ತು."

"ಊರು ಉಳೀತಿತ್ತು. ಹಾಡು ಉಳೀತಿರಲಿಲ್ಲ."

ಅನುರಾಧಾ ನನ್ನ ಪಕ್ಷ ಹಿಡಿದಳು. ಪವಾಯಿಯ ಮೇಲಿನವರು ಹೂಗಾರರ ಪಕ್ಷ. ನೋಡುವವರ ಕಣ್ಣಲ್ಲಿ ನಾಯಕನನ್ನು ಸಣ್ಣವನನ್ನಾಗಿ ಮಾಡಬಾರದಂತೆ. ಕೆಚ್ಚು ಎಂದೇ ಹೋಯಿತು. 'ಸೇತುವೆ ಬಿಡಿ, ಬರಲಿ ಅವರು' ಎನ್ನುವುದು ಹುಡುಗರ ಫೋನಿನ ರಿಂಗ್‌ಟೋನ್ ಆಯಿತು. ಹೆಂಡತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ಆಡಿದವಳು ಗೌರಿ, ವಿಜಯಪುರದವಳು, ನನ್ನ ಲೆಕ್ಕದಲ್ಲಿ ಆ ಸೀರಿಯಲ್ಲಿನ ಅತಿ ಒಳ್ಳೆಯ ದನಿ.

ಒಡೆಯ ಅಷ್ಟು ಜನಪ್ರಿಯನಾದ್ದರಿಂದ ಎರಡನೆಯ ಸೀಸನ್‌ನಲ್ಲಿ ಕಥೆಯನ್ನು ಹಿಂದಕ್ಕೆ ಒಯ್ದರು, ಅವನು ಬದುಕಿದ್ದ ದಿನಗಳಿಗೆ. ಅದರ ಜೊತೆಗೆ ಹೊಸ ಕರಾರೂ ಬಂತು. ನಮ್ಮ ರೆಕಾರ್ಡಿಂಗಿನಿಂದ ಯಂತ್ರಕ್ಕೆ ದನಿ ಕಲಿಸಿ, ನಾವು ಆಡದ ಮಾತುಗಳನ್ನೂ ನಮ್ಮ ದನಿಯಲ್ಲಿ ಆಡಿಸುವ ಹಕ್ಕು ಕಂಪನಿಗೆ. ಬರೆಯುವವರಿಗೆ ಆ ಕರಾರು ಇರಲಿಲ್ಲ. ನಾನು ಸುಮ್ಮನಿದ್ದರೂ ನಡೆಯುತ್ತಿತ್ತು.

ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಎಲ್ಲರನ್ನೂ ಸೇರಿಸಿದೆ. ಮುಂಬೈನಲ್ಲಿ ಚೊಕ್ಕ ಕನ್ನಡದ ದನಿಗಳು ಬೆರಳೆಣಿಕೆಯಷ್ಟು. ನಾನು ಹೇಳಿದ ಉಪಾಯ ಇಷ್ಟು: ಈಗ ಸಹಿ ಹಾಕುವುದೂ ಬೇಡ, ಒಲ್ಲೆ ಅನ್ನುವುದೂ ಬೇಡ. ಓದಲು ಸಮಯ ಬೇಕು ಎನ್ನೋಣ. ಹಳೆಯ ಕರಾರಿನ ಮೇಲೆ ಕೆಲಸ ಶುರುವಾಗಲಿ. ಮೊದಲ ಕಂತುಗಳು ಪ್ರಸಾರವಾಗಿ ಜನ ಕೇಳಲು ಹತ್ತಿದ ಮೇಲೆ ಎಲ್ಲರೂ ಒಟ್ಟಿಗೆ ನಿಲ್ಲಿಸೋಣ. ನಡುವೆ ದನಿ ಬದಲಾದರೆ ನೋಡುವವರು ಸುಮ್ಮನಿರುವುದಿಲ್ಲ, ಕಂಪನಿ ಬಗ್ಗಲೇಬೇಕು.

"ಅಕ್ಕಾ ಹೇಳೂದು ಖರೇ ಅದ," ಎಂದಳು ಗೌರಿ. ಪ್ರವೀಣನೂ ತಲೆಯಾಡಿಸಿದ. ಅವನು ಮಂಗಳೂರು ಮೂಲದ ಮನೆಯವನು, ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ. ಯಾರ ದನಿಯನ್ನು ಬೇಕಾದರೂ ಎತ್ತಿಕೊಳ್ಳುತ್ತಿದ್ದ. ಹೂಗಾರರೇ ಅವನನ್ನು ಚಾಳ್‌ನ ತಮ್ಮ ಮನೆಗೆ ಕರೆದು ಕೂರಿಸಿ ವರ್ಷಗಟ್ಟಲೆ ಕನ್ನಡದ ಉಚ್ಚಾರ ತಿದ್ದಿದ್ದರು, ಮಗನಿಗಿಂತ ಹೆಚ್ಚಾಗಿ.

ಹೂಗಾರರು ಮಾತ್ರ ಚಹಾ ಮುಗಿಸಿ ಲೋಟ ಕೆಳಗಿಟ್ಟು, "ಉಪಾಯ ಚಲೋ ಐತ್ರಿ. ಆದ್ರ ಬೆನ್ನಿಗೆ ಚೂರಿ ಹಾಕಿದಂಗ ಆಕ್ಕೈತಲ್ಲ?" ಎಂದರು. ನಾನು ರೇಗಿದೆ. ಕೊನೆಗೆ ಆಗಲಿ ಎಂದು ಒಪ್ಪಿದರು.

ಪವಾಯಿಯಲ್ಲಿ ಸಭೆ. ಅನುರಾಧಾಳ ಪಕ್ಕದಲ್ಲಿ ಕಂಪನಿಯ ವಕೀಲ, ನಗುಮುಖದ ಹುಡುಗ. ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿ, ಕೊನೆಗೆ, "ನಿಮಗೇನಾದರೂ ಒಪ್ಪಿಗೆ ಇಲ್ಲದಿದ್ದರೆ ಎದುರಿಗೆ ಹೇಳಿಬಿಡಿ. ಹಿಂದೆ ಗುಸುಗುಸು ಮಾಡುವವರ ಜೊತೆ ಕೆಲಸ ಮಾಡುವುದು ಕಷ್ಟ," ಎಂದ. ಅವನಿಗೆ ನಮ್ಮ ಉಪಾಯದ ಸುಳಿವಿತ್ತು ಎಂದು ನಾನು ನಂಬುವುದಿಲ್ಲ. ಬಾಯಿಗೆ ಬಂದ ಮಾತು ಅಷ್ಟೇ. ಹೂಗಾರರು ಎದ್ದು ನಿಂತರು. ನಾನು ಅವರ ಅಂಗಿಯ ತುದಿ ಹಿಡಿದು ಎಳೆದೆ.

"ನಾವ್ ಗುಸುಗುಸು ಮಾಡೂ ಮಂದಿ ಅಲ್ಲ," ಎಂದರು ಅನುರಾಧಾಳತ್ತ ತಿರುಗಿ. "ಕೇಳ್ರಿ. ನಾವು ಈ ಕರಾರಿಗೆ ಸಹಿ ಹಾಕೂದಿಲ್ಲ. ಸೀಸನ್ ಶುರು ಆದ ಮ್ಯಾಲ ನಡುವ ನಿಂದ್ರಸಬೇಕಂತ..."

ಅನುರಾಧಾಳ ಮುಖ ಬಿಳಿಚಿತು. "ಹೂಗಾರ್ ಸರ್, ಪ್ಲೀಸ್. ಇದನ್ನ ನನ್ ಮುಂದೆ ಹೇಳ್ಬೇಡಿ. ಹೇಳಿದ್ರೆ ನಾನು ಮೇಲೆ ತಿಳಿಸ್ಲೇಬೇಕಾಗತ್ತೆ."

"ತಿಳಸ್ರಿ. ಅದಕ್ಕ ಹೇಳಾಕತ್ತೇನಿ. ನಡುವ ನಿಂದ್ರಸಿ ನಿಮಗ ಮೋಸ ಮಾಡೂದಿಲ್ಲ. ಇವತ್ತಿಂದನ ನಿಂದ್ರಸ್ತೀವಿ. ನೀವೂ ತಯಾರಾಗ್ರಿ."

ಕಾದಾಡುವ ಮೊದಲು ಎದುರಾಳಿಗೆ ಸಮಯ ಕೊಟ್ಟು ಬಂದ ಮನುಷ್ಯ ಲಿಫ್ಟಿನಲ್ಲಿ ನೆಟ್ಟಗೆ ನಿಂತಿದ್ದ. ಗೌರಿ ಅಳುತ್ತಿದ್ದಳು. ನನಗೆ ಹೂಗಾರರ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಮನೆಗೆ ಹೋಗಿ, ನಾನೂ ಬರೆಯುವುದಿಲ್ಲ ಎಂದು ಅನುರಾಧಾಳಿಗೆ ಫೋನ್ ಮಾಡಿ ಹೇಳಿದೆ. "ನೀವ್ಯಾಕೆ ಮೇಡಂ? ನಿಮಗೆ ಈ ಕರಾರೇ ಇಲ್ವಲ್ಲ," ಎಂದಳು. ಅದಕ್ಕೆ ಏನು ಹೇಳಿದೆನೋ ನೆನಪಿಲ್ಲ. ಹೆಂಡದಂಗಡಿಯ ಕಥೆಯಂತೂ ಹೇಳಲಿಲ್ಲ.

ಕಂಪನಿ ಏನು ಮಾಡಿತು? ಯಾರಾದರೂ ಮಾಡುವುದನ್ನೇ. ಸೀಸನ್ ಶುರುವಾಗುವುದನ್ನು ಕೆಲವು ವಾರ ಮುಂದೂಡಿತು. ನಡುವೆ ನಿಲ್ಲಿಸಿದ್ದರೆ ಅವರಿಗೆ ಆ ವಾರಗಳು ಸಿಗುತ್ತಿರಲಿಲ್ಲ.

ಹೆಚ್ಚುಕಡಿಮೆ ಒಂದು ತಿಂಗಳು ಎಲ್ಲರೂ ಗಟ್ಟಿಯಾಗಿ ನಿಂತರು, ಅದನ್ನು ಒಪ್ಪಬೇಕು. ಆಮೇಲೆ ಒಂದು ಮಧ್ಯಾಹ್ನ ಅದೇ ಉಡುಪಿ ಹೋಟೆಲಿನಲ್ಲಿ ನಾನು, ಹೂಗಾರರು ಕೂತಿದ್ದೆವು. ಪಕ್ಕದ ಟೇಬಲ್ಲಿನಲ್ಲಿ ಕಾಲೇಜಿನ ಹುಡುಗರು. ಒಬ್ಬನ ಫೋನಿನಿಂದ ಒಡೆಯನ ದನಿ ಬಂತು. ಹೊಸ ಸೀಸನ್ನಿನ ಪ್ರೋಮೋ. ಹೊಸ ಮಾತು, ಹಿಂದೆಂದೂ ಕೇಳದ ಮಾತು, ಆದರೆ ದನಿ ಅದೇ, ಕೊಡದ ತುಂಬ ನೀರು.

ನಾನು ಹೂಗಾರರ ಮುಖ ನೋಡಿದೆ. ನಮಗೆ ತಿಳಿಯದಂತೆ ಹೋಗಿ ಡಬ್ ಮಾಡಿ ಬಂದರೇನೋ ಎಂದು ಒಂದು ಕ್ಷಣ ನನಗೇ ಅನಿಸಿತು. ಅವರು ಕೈಯಲ್ಲಿದ್ದ ಇಡ್ಲಿಯ ತುಂಡನ್ನು ತಟ್ಟೆಗೆ ಇಟ್ಟರು.

"ಪ್ರವೀಣ," ಎಂದರು. "ಚಲೋ ಹೇಳ್ಯಾನ."

ನನಗೇ ಹಾಗನಿಸಿದ್ದರೆ ಉಳಿದವರ ಗತಿ ಏನು? ಸಂಜೆಯೊಳಗೆ ಫೋನುಗಳು ಬರತೊಡಗಿದವು. ಹೂಗಾರರು ಸಹಿ ಹಾಕಿ ತಮ್ಮದು ಮುಗಿಸಿಕೊಂಡರಂತೆ, ಹೌದಾ? ನಮ್ಮನ್ನು ಹೊರಗೆ ನಿಲ್ಲಿಸಿ ತಾವು ಒಳಗೆ ಹೋದರಾ? ಅಲ್ಲ, ಅದು ಪ್ರವೀಣ ಎಂದು ನಾನು ಎಲ್ಲರಿಗೂ ಹೇಳಿದೆ. "ಅಕ್ಕಾ, ನಾ ಕಿವಿಯಿಂದ ಕೇಳೀನಿ," ಎಂದರು ಒಬ್ಬರು. ಹಳೆಯ ಕೋಣೆಯ ಕಾಲವಾಗಿದ್ದರೆ ಎಲ್ಲರೂ ಒಂದೆಡೆ ಇರುತ್ತಿದ್ದರು, ಮುಖ ನೋಡಿ ನಂಬುತ್ತಿದ್ದರು. ಈಗ ಇದ್ದದ್ದು ದನಿ ಒಂದೇ. ಮರುದಿನದಿಂದ ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಿದರು. ಗೌರಿ ಕೊನೆಯವಳು. ಹೋಗುವ ಮೊದಲು ನನ್ನ ಮನೆಗೆ ಬಂದು ಹೇಳಿ ಹೋದಳು. ಅವಳನ್ನು ನಾನು ತಡೆಯಲಿಲ್ಲ.

ಪ್ರವೀಣನನ್ನು ಹುಡುಕಿ ಹಿಡಿದದ್ದು ಗೋರೆಗಾಂವ್ ಸ್ಟೇಷನ್ ಹೊರಗೆ. ಜನರ ನಡುವೆಯೇ ಕೂಗಾಡಿದೆ. ಅವನು ತಲೆತಗ್ಗಿಸಿ ಕೇಳಿಸಿಕೊಂಡು, ಆಮೇಲೆ ಹೇಳಿದ:

"ಅಕ್ಕಾ, ನನ್ನ ಹೆಂಡ್ತಿಗೆ ಏಳು ತಿಂಗ್ಳು. ನಾನು ಎಂತ ಮಾಡುದು? ಮಾಸ್ಟ್ರು ಹೀರೋ ಆದ್ರು, ಸರಿ. ಬುದ್ಧಿ ಉಪಯೋಗ್ಸಿ ಅಂತ ನೀವೇ ಹೇಳಿದ್ದಲ್ವಾ? ನಾನು ಅದೇ ಮಾಡಿದೆ. ಔರ್ ಕ್ಯಾ?"

ಬುದ್ಧಿವಂತಿಕೆಯ ಪರವಾಗಿ ಜೀವಮಾನವಿಡೀ ವಾದ ಮಾಡಿದವಳು ನಾನು. ನನ್ನ ಉಪಾಯಕ್ಕೂ ಅವನು ಮಾಡಿದ್ದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ ಎಂದು ಈಗಲೂ ನಂಬುತ್ತೇನೆ. ಅವತ್ತು ಆ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ.

ನಾನು ಮತ್ತೆ ಬರೆಯಲು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಮನೆಯವರು ಇದನ್ನು ನಿವೃತ್ತಿ ಎನ್ನುತ್ತಾರೆ.

ಎರಡನೆಯ ಸೀಸನ್ ಮುಗಿದದ್ದೇ ತಡ, ಮೂರನೆಯದಕ್ಕೆ ಪ್ರವೀಣನನ್ನೂ ಕರೆಯಲಿಲ್ಲ, ಗೌರಿಯನ್ನೂ ಕರೆಯಲಿಲ್ಲ. ಯಂತ್ರದಲ್ಲಿ ದನಿಗಳು ಇದ್ದವು, ಮನುಷ್ಯರು ಬೇಕಾಗಲಿಲ್ಲ. ಒಡೆಯನ ದನಿ ಮಸಾಲೆ ಪುಡಿಯ ಜಾಹೀರಾತಿನಲ್ಲೂ ಬರತೊಡಗಿತು. ಅನುರಾಧಾಳ ಇಡೀ ವಿಭಾಗವನ್ನೇ ಮುಚ್ಚಿದರು. ಒಮ್ಮೆ ಫೋನ್ ಮಾಡಿ, ಬೇರೆ ಕೆಲಸವಿದ್ದರೆ ತಿಳಿಸಿ ಎಂದಳು. ಪಾಪ, ಕೆಲಸವಿಲ್ಲದ ನನ್ನನ್ನು ಕೇಳುತ್ತಿದ್ದಳು.

ಪ್ರವೀಣ ಮಗುವನ್ನು ಎತ್ತಿಕೊಂಡು ಹೂಗಾರರ ಮನೆಗೆ ಹೋದನಂತೆ. ಹೂಗಾರರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರಂತೆ, ಬೈಯಲಿಲ್ಲವಂತೆ. ಇದನ್ನು ಕೇಳಿ ನನಗೆ ಮತ್ತೆ ಸಿಟ್ಟು ಬಂತು. ಆದರೂ ಏನಾದರೂ ಮಾಡಬೇಕೆಂದು ಸಾಂತಾಕ್ರೂಜ್‌ನ ಒಬ್ಬ ವಕೀಲರ ಬಳಿ ಮೂವರನ್ನು ಕರೆದುಕೊಂಡು ಹೋದೆ: ಹೂಗಾರರು, ಪ್ರವೀಣ, ಗೌರಿ. ವಕೀಲರು ಮರಾಠಿ ಹೆಂಗಸು, ಚುರುಕು. ಎಲ್ಲ ಕೇಳಿ ಅವರು ಒಂದು ದಾರಿ ಕಂಡುಹಿಡಿದರು. ಪ್ರವೀಣ, ಗೌರಿ ಸಹಿ ಹಾಕಿದ್ದಾರೆ, ಅವರಿಂದ ಏನೂ ನಡೆಯದು. ಹೂಗಾರರು ಹಾಕಿಲ್ಲ. ಮೊದಲ ಸೀಸನ್‌ನ ಅವರ ರೆಕಾರ್ಡಿಂಗು ಕಂಪನಿಯ ಹತ್ತಿರ ಇದೆ. 'ಯಂತ್ರದಲ್ಲಿರುವುದು ನನ್ನ ದನಿ' ಎಂದು ಅವರು ಬರೆದುಕೊಟ್ಟರೆ, ಅದನ್ನು ಯಾರ ದನಿಯಿಂದ ಮಾಡಿದ್ದು ಎಂದು ಕಂಪನಿಯೇ ತೋರಿಸಬೇಕಾಗುತ್ತದೆ. ಅದನ್ನು ತೋರಿಸಲು ಅವರಿಗೆ ಮನಸ್ಸಿರುವುದಿಲ್ಲ. ರಾಜಿಗೆ ಬರುತ್ತಾರೆ. ಎಲ್ಲರಿಗೂ ಏನಾದರೂ ಸಿಗುವಂತೆ ಮಾಡಬಹುದು.

ಇಷ್ಟು ವರ್ಷಗಳಲ್ಲಿ ಮೊದಲ ಬಾರಿ ಸೇತುವೆಯ ಬಾಯಿ ನಮ್ಮ ಕೈಯಲ್ಲಿತ್ತು.

ವಕೀಲರು ಮಸಾಲೆ ಪುಡಿಯ ಜಾಹೀರಾತನ್ನು ಹಚ್ಚಿ ಹೆಡ್‌ಫೋನ್ ಕೊಟ್ಟರು. ಹೂಗಾರರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಚ್ಚಿಸಿ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದು ನಂದಲ್ರಿ. ಉಸುರು ಪ್ರವೀಣಂದು."

ನಾನು ಮರಾಠಿಯಲ್ಲಿ ಹೇಳುವ ಮೊದಲೇ ವಕೀಲರಿಗೆ ಅರ್ಥವಾಗಿತ್ತು. ಅವರು ತಾಳ್ಮೆಯಿಂದ ಹೇಳಿದರು: ಯಂತ್ರದೊಳಗೆ ಏನು ಹಾಕಿದ್ದಾರೆಂದು ಯಾರಿಗೂ ಗೊತ್ತಿಲ್ಲ, ನಿಮ್ಮದೂ ಸೇರಿರಬಹುದು, ಸಂಶಯ ಇದೆ ಎಂದರೂ ಸಾಕು.

"ನನಗ ಸಂಶೇ ಇಲ್ಲ," ಎಂದರು ಹೂಗಾರರು. "ಅವನ ದನಿ ನಂದಂತ ಹೆಂಗ ಹೇಳ್ಲಿ? ಹಂಗ ಮಾಡಿದ್ರ ನನಗೂ ಆ ಕಂಪನಿಯವರಿಗೂ ಏನ್ ಫರಕ್?"

ಪ್ರವೀಣ ಮುಖ ಮುಚ್ಚಿಕೊಂಡು ಬಿಕ್ಕಿದ. "ಮಾಸ್ಟ್ರೇ, ನಾನೇ ಹೇಳ್ತಿದ್ದೇನಲ್ಲ, ನಿಮ್ದು ಅಂತ ಹೇಳಿ," ಎಂದ. ಅವರು ಅವನ ಬೆನ್ನು ತಟ್ಟಿದರು, ಹಾಗೆ ಹೇಳಲು ಒಪ್ಪಲಿಲ್ಲ. ವಕೀಲರು ಕಾಗದಗಳನ್ನು ಹೊಂದಿಸಿ ನನ್ನ ಕೈಗೆ ವಾಪಸು ಕೊಟ್ಟರು.

ಪ್ರವೀಣ ಬಸ್ಸಿಗೆ ಹೋದ. ನಾವು ಮೂವರು ಸ್ಟೇಷನ್ನಿಗೆ ನಡೆದೆವು. ಗೌರಿಗೆ ಈಗ ಅಂಧೇರಿಯ ಯಾವುದೋ ಮಾಲ್‌ನಲ್ಲಿ ಬಟ್ಟೆ ಮಡಿಸುವ ಕೆಲಸ. ಸಂಜೆಯ ಪಾಳಿಗೆ ಹೊತ್ತಾಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಹೂಗಾರರಿಂದ ಒಂದಿಷ್ಟು ದೂರ ನಿಂತು ನನ್ನ ಕಿವಿಯಲ್ಲಿ ಅಂದಳು: "ಅಕ್ಕಾ, ಈ ಮನಶ್ಯಾ ಖರೇ ಹೇಳಿ ಹೇಳೀನ ನಮ್ಮನ್ನೆಲ್ಲಾ ಮುಗಿಸಿದಾ." ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಹೆಂಗಸರ ಡಬ್ಬಿ ನಿಲ್ಲುವ ಕಡೆಗೆ ಹೋದಳು.

ಹೂಗಾರರು ನನ್ನ ಹತ್ತಿರ ಬಂದರು.

"ನಾ ಸುಳ್ಳ ಹೇಳಬೇಕಿತ್ತೇನ್ರಿ ಅಕ್ಕಾರ?"

"ಹೌದ್ರಿ. ಹೇಳಬೇಕಿತ್ತು."

ಅವರು ತಲೆಯಾಡಿಸಿದರು. ನೊಂದಂತೆ ಕಾಣಲಿಲ್ಲ, ನಾನು ಹಾಗೇ ಹೇಳುತ್ತೇನೆಂದು ಗೊತ್ತಿತ್ತೇನೋ. ಲೋಕಲ್ ಬರುವ ಘೋಷಣೆ ಆಯಿತು. ಜನ ಮುಂದೆ ನುಗ್ಗಿದರು. ಅವರು ಚೀಲವನ್ನು ಎದೆಗೆ ಅವುಚಿಕೊಂಡು ಕೇಳಿದರು:

"ನೀವು ಮೊದಲಿಂದ ಶ್ಯಾಣ್ಯಾರು. ಇಷ್ಟೆಲ್ಲಾ ತಿಳದವರು ಆವತ್ತ ಕೆಲಸಾ ಬಿಟ್ಟು ನನ್ನ ಹಿಂದ ಯಾಕ ಬಂದ್ರಿ?"

"ತಪ್ಪಾತ್ರಿ, ಬರಬಾರದಿತ್ತು," ಎಂದೆ.

ಅವರು ಗಾಡಿ ಹತ್ತಿದರು. ಆ ದಿನ ನಮ್ಮಲ್ಲಿ ಒಬ್ಬರಾದರೂ ಸುಳ್ಳು ಹೇಳಬೇಕಿತ್ತು, ನಾನು ಹೇಳಿದೆ.